ಚಿಕ್ಕ ಚಕ್ರ, ಅಗಲ ಟೈರು, ಒಂದು ಜೊತೆ ಮಡ್‌ಗಾರ್ಡು

ಚಕ್ರದ ಚರಿತ್ರೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಚಕ್ರ ಎರಚುವ ಕೆಸರಿನ ಬಗ್ಗೆ ಬರೆದವರು ಕಡಿಮೆ. ಮಳೆಗಾಲದಲ್ಲಿ ಮಡ್‌ಗಾರ್ಡಿಲ್ಲದ ಸೈಕಲ್ಲಿನ ಮೇಲೆ ಒಂದು ಮೈಲಿ ಹೋಗಿ ಬಂದವರಿಗೆ ಗೊತ್ತು, ಹಿಂದಿನ ಚಕ್ರವು ಸೊಂಟದಿಂದ ಬೆನ್ನಿನವರೆಗೆ ಎಳೆಯುವ ಗೀಟು ಎಂಥದೆಂದು. ನಮ್ಮ ಮಲೆನಾಡಿನಲ್ಲಂತೂ ಅದು ಕೆಂಪು ಗೀಟು. ಗಂಡಸಿನ ಪ್ಯಾಂಟಿನ ಮೇಲಿದ್ದರೆ ಅದು ಬರೀ ಕೆಸರು. ಹೆಣ್ಣುಮಗಳ ಬಟ್ಟೆಯ ಹಿಂಭಾಗದಲ್ಲಿದ್ದರೆ ನೋಡುವ ಕಣ್ಣುಗಳೇ ಬೇರೆ. ಹೆಚ್ಚು ಹೇಳಬೇಕಾಗಿಲ್ಲ, ನಿಮಗೆಲ್ಲ ಅರ್ಥವಾಗುತ್ತದೆ.

ಸೈಕಲ್ಲು ಹೆಣ್ಣಿಗೆ ಬಿಡುಗಡೆ ತಂದಿತು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದ ನಾನೂ ಆ ವಾಕ್ಯವನ್ನು ಮಕ್ಕಳಿಗೆ ಹೇಳಿಕೊಟ್ಟವಳೇ. ಆದರೆ ಯಾವ ಸೈಕಲ್ಲು ಎಂದು ಯಾರೂ ಕೇಳುವುದಿಲ್ಲ. ಎಲ್ಲ ಸೈಕಲ್ಲುಗಳೂ ಹೆಣ್ಣನ್ನು ಹತ್ತಿಸಿಕೊಳ್ಳಲಿಲ್ಲ. ಕೆಲವು ಅವಳು ಹತ್ತದಂತೆಯೇ ಇದ್ದವು.

1870ರ ದಶಕದ ಸೈಕಲ್ಲನ್ನು ಚಿತ್ರದಲ್ಲಿ ನೋಡಿರುತ್ತೀರಿ. ಮುಂದೆ ಆಳೆತ್ತರಕ್ಕೆ ಬರುವ ಮಹಾಚಕ್ರ, ಹಿಂದೆ ತಟ್ಟೆಯಂಥ ಒಂದು ಮರಿಚಕ್ರ. ಆಗ ಚೈನು ಇರಲಿಲ್ಲ. ಪೆಡಲ್ಲು ಮುಂದಿನ ಚಕ್ರದ ನಡುವಿಗೇ ಕೂತಿತ್ತು. ಒಮ್ಮೆ ಪೆಡಲ್ಲು ತುಳಿದು ಸುತ್ತಿದರೆ ಚಕ್ರವೂ ಒಮ್ಮೆ ಸುತ್ತುತ್ತದೆ, ಅಷ್ಟೆ. ಹಾಗಾಗಿ ವೇಗ ಬೇಕಾದರೆ ಚಕ್ರವನ್ನೇ ದೊಡ್ಡದು ಮಾಡಬೇಕಿತ್ತು. ಯಾರ ಕಾಲು ಎಷ್ಟು ಉದ್ದವೋ ಅಷ್ಟು ದೊಡ್ಡ ಚಕ್ರ. ದಾರಿಯಲ್ಲಿ ಒಂದು ಕಲ್ಲು ಸಿಕ್ಕರೆ ಸವಾರ ತಲೆಕೆಳಗಾಗಿ ಮುಂದಕ್ಕೆ ಬೀಳುತ್ತಿದ್ದ. ಕಣಕಾಲು ಮುಚ್ಚುವ ಲಂಗ, ಅದರ ಒಳಗೆ ಇನ್ನೆರಡು ಲಂಗ ತೊಟ್ಟ ಇಂಗ್ಲೆಂಡಿನ ಹೆಂಗಸು ಅದರ ಮೇಲೆ ಹತ್ತುವುದಾದರೂ ಹೇಗೆ? ಅವಳ ಪಾಲಿಗೆ ಬಂದದ್ದು ಮೂರು ಚಕ್ರದ ಗಾಡಿ. ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಮಾಡಿದ ಅಂಥ ಗಾಡಿಯನ್ನು 1881ರಲ್ಲಿ ವಿಕ್ಟೋರಿಯಾ ರಾಣಿಯೇ ತರಿಸಿಕೊಂಡಳು. ರಾಣಿ ತರಿಸಿದ ಮೇಲೆ ಮರ್ಯಾದಸ್ಥರ ಮನೆಯವರಿಗೂ ಧೈರ್ಯ ಬಂತು. ಆದರೆ ಆ ಗಾಡಿ ಭಾರ, ದುಬಾರಿ, ಇಡಲು ಒಂದು ಕೊಟ್ಟಿಗೆಯೇ ಬೇಕು. ಅದು ಬಡವರ ಮನೆಯ ಹೆಣ್ಣಿನ ವಾಹನವಲ್ಲ.

ಜೇಮ್ಸ್ ಸ್ಟಾರ್ಲಿಯ ಅಣ್ಣನದೋ ತಮ್ಮನದೋ ಮಗ ಜಾನ್ ಕೆಂಪ್ ಸ್ಟಾರ್ಲಿ. 1885ರಲ್ಲಿ ಅವನು ರೋವರ್ ಎಂಬ ಸೈಕಲ್ಲು ಹೊರತಂದ. ಚೈನು ಹಾಕಿ, ಮುಂದೆ ದೊಡ್ಡ ಹಲ್ಲಿನ ಗಾಲಿ, ಹಿಂದೆ ಚಿಕ್ಕದು ಇಟ್ಟರೆ, ಒಮ್ಮೆ ತುಳಿದಾಗ ಚಕ್ರ ಎರಡು ಸುತ್ತು ಸುತ್ತುತ್ತದೆ. ಹಾಗಾದ ಮೇಲೆ ಚಕ್ರ ಆಳೆತ್ತರ ಇರಬೇಕಾದ ಅಗತ್ಯವೇ ಹೋಯಿತು. ನಾವು ಇವತ್ತು ಸೈಕಲ್ಲು ಎನ್ನುವುದು ಇದನ್ನೇ. ದೊಡ್ಡ ಚಕ್ರದ ವೀರರು ಇದನ್ನು ಕುಳ್ಳ ಸೈಕಲ್ಲು ಎಂದು ಹಂಗಿಸಿದರು. ಅವರ ಹಂಗಿಕೆಯಲ್ಲಿ ಒಂದು ಸತ್ಯವೂ ಇತ್ತೆನ್ನಿ. ಆಗಿನ ಟೈರು ಗಟ್ಟಿ ರಬ್ಬರಿನದು. ದೊಡ್ಡ ಚಕ್ರ ಗುಂಡಿಯ ಮೇಲೆ ತೇಲಿ ಹೋದರೆ ಚಿಕ್ಕ ಚಕ್ರ ಗುಂಡಿಯೊಳಗೆ ಇಳಿದು ಏಳುತ್ತದೆ. ಕೂತವರ ಬೆನ್ನುಮೂಳೆ ಹಣ್ಣಾಗುತ್ತಿತ್ತು.

ಅದಕ್ಕೆ ಮದ್ದು ಕೊಟ್ಟವನು ಒಬ್ಬ ದನಗಳ ಡಾಕ್ಟರು. ಬೆಲ್‌ಫಾಸ್ಟಿನಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಪುಟ್ಟ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರಿನ ಕೊಳವೆ ಸುತ್ತಿ ನೋಡಿದ. 1888ರಲ್ಲಿ ಪೇಟೆಂಟು ಪಡೆದ. 1889ರಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಆ ಉಬ್ಬಿದ ಟೈರು ಹಾಕಿಕೊಂಡು ಪಂದ್ಯಕ್ಕೆ ಬಂದಾಗ ಜನ ನಕ್ಕರಂತೆ. ಪಂದ್ಯ ಮುಗಿಯುವ ಹೊತ್ತಿಗೆ ಅವನೇ ಗೆದ್ದಿದ್ದ. ಇಲ್ಲಿ ನಡೆದದ್ದನ್ನು ಗಮನಿಸಿ: ಚಕ್ರದ ಕಬ್ಬಿಣ ಕಡಿಮೆಯಾಯಿತು, ಗಾಳಿ ಹೆಚ್ಚಾಯಿತು. ಈ ಒಂದು ಕೊಡುಕೊಳ್ಳುವಿಕೆ ಮುಂದೆ ಮತ್ತೆ ಮತ್ತೆ ಬರುತ್ತದೆ.

ಚಕ್ರ ಇಳಿದದ್ದೇ ತಡ, ಹೆಂಗಸರು ಹತ್ತಿದರು. ಅವರಿಗಾಗಿ ನಡುವಿನ ಬಾರನ್ನು ಬಗ್ಗಿಸಿದರು. ಚೈನಿಗೆ ಕವರು ಬಂತು. ಚಕ್ರಗಳಿಗೆ ಮಡ್‌ಗಾರ್ಡು ಬಂತು. ಹಿಂದಿನ ಮಡ್‌ಗಾರ್ಡಿನ ಅಂಚಿಗೆ ಸಾಲಾಗಿ ತೂತು ಕೊರೆದು, ಅಲ್ಲಿಂದ ಚಕ್ರದ ನಡುವಿನವರೆಗೆ ದಾರ ಬಿಗಿದು ಜಾಲರಿ ಮಾಡಿದರು. ಲಂಗ ಕಡ್ಡಿಗೆ ಸಿಗಬಾರದಲ್ಲ! ಆ ದಾರದ ಜಾಲರಿಯನ್ನು ಹಳೆಯ ಫೋಟೋಗಳಲ್ಲಿ ನೋಡಿದಾಗಲೆಲ್ಲ ನನಗೆ ಮಗ್ಗ ನೆನಪಾಗುತ್ತದೆ. ನಮ್ಮಲ್ಲಿ ಬೈಕಿನ ಹಿಂದಿನ ಚಕ್ರದ ಪಕ್ಕ ಸೀರೆ ಸಿಗದಂತೆ ಹಾಕುವ ಕಂಬಿಯ ಜಾಲರಿ ಇದೆಯಲ್ಲ, ಅದರ ಅಜ್ಜಿ ಅದು ಎನ್ನಬಹುದು. ಅಮೆರಿಕದಲ್ಲಿ ಪಾನನಿರೋಧದ ಹೋರಾಟ ನಡೆಸಿದ ಫ್ರಾನ್ಸೆಸ್ ವಿಲ್ಲರ್ಡ್ ತನ್ನ ಐವತ್ತಮೂರನೆಯ ವಯಸ್ಸಿನಲ್ಲಿ ಸೈಕಲ್ಲು ಕಲಿತಳು. ಅದಕ್ಕೆ ಗ್ಲಾಡಿಸ್ ಎಂದು ಹೆಸರಿಟ್ಟಳು. 1895ರಲ್ಲಿ ಅದರ ಬಗ್ಗೆ ಒಂದು ಪುಸ್ತಕವನ್ನೇ ಬರೆದಳು.

ಎಲ್ಲರೂ ಖುಷಿಪಟ್ಟರೆಂದು ತಿಳಿಯಬೇಡಿ. 1897ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳಿಗೂ ಪದವಿ ಕೊಡಬೇಕೇ ಎಂಬ ಮತದಾನ ನಡೆಯಿತು. ವಿರೋಧಿಸಿದ ಗಂಡು ವಿದ್ಯಾರ್ಥಿಗಳು ಬೀದಿಯ ಮೇಲೆ ಎತ್ತರದಲ್ಲಿ ಒಂದು ಬೊಂಬೆ ನೇತುಹಾಕಿದರು. ಏನು ಬೊಂಬೆ ಗೊತ್ತೇ? ಸೈಕಲ್ಲಿನ ಮೇಲೆ ಕೂತ ಹೆಣ್ಣು! ಓದುವ ಹೆಣ್ಣನ್ನು ತೋರಿಸಲು ಅವರಿಗೆ ಪುಸ್ತಕ ಹೊಳೆಯಲಿಲ್ಲ, ಸೈಕಲ್ಲು ಹೊಳೆಯಿತು. ಆ ಸಲ ಹೆಣ್ಣುಮಕ್ಕಳು ಸೋತರು. ಕೇಂಬ್ರಿಜ್ ಅವರಿಗೆ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ.

ಇನ್ನು ಫ್ರಾನ್ಸಿಗೆ ಹೋಗಬೇಕು. ನಾನು ಹೇಳಲು ಹೊರಟ ಚಿಕ್ಕ ಚಕ್ರ ಅಲ್ಲಿಯದು.

1903ರಲ್ಲಿ ಆಂರಿ ದೆಗ್ರಾಂಜ್ ಎಂಬ ಪತ್ರಿಕಾ ಸಂಪಾದಕ ಟೂರ್ ಡಿ ಫ್ರಾನ್ಸ್ ಪಂದ್ಯ ಶುರುಮಾಡಿದ. ಅಂದಿನಿಂದ ಸೈಕಲ್ಲು ಎಂದರೆ ಪಂದ್ಯದ ಸೈಕಲ್ಲು ಎಂಬ ಭಾವನೆ ಬೆಳೆಯಿತು. ಪಂದ್ಯಕ್ಕೆ ಭಾರ ಬೇಡ, ಮಡ್‌ಗಾರ್ಡು ಕಿತ್ತೆಸೆ. ಟೈರು ಸಣ್ಣಗಿರಲಿ. ಗೇರು ಬದಲಿಸುವ ಉಪಾಯವನ್ನಂತೂ ದೆಗ್ರಾಂಜ್ ವಯಸ್ಸಾದವರ ಊರುಗೋಲು ಎಂಬಂತೆ ಕಂಡ. 1937ರವರೆಗೂ ಆ ಪಂದ್ಯದಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಕಷ್ಟಪಡುವುದೇ ಗಂಡಸುತನ ಎಂಬ ಮಾತು ಎಲ್ಲ ದೇಶದಲ್ಲೂ ಒಂದೇ ಥರ ನೋಡಿ.

ಇದಕ್ಕೆ ಎದುರಾಗಿ ನಿಂತವನು ಪೋಲ್ ದ ವಿವಿ. ಹುಟ್ಟಿದ್ದು 1853ರಲ್ಲಿ. ಸೇಂತ್ ಎತಿಯೆನ್ ಊರಿನಲ್ಲಿ ರೇಷ್ಮೆ ವ್ಯಾಪಾರಿಯಾಗಿದ್ದ. ಸೈಕಲ್ಲಿನ ಹುಚ್ಚು ಹಿಡಿದು ರೇಷ್ಮೆ ಬಿಟ್ಟ, ಸೈಕಲ್ಲಿನ ಅಂಗಡಿ ಇಟ್ಟ, 1887ರಲ್ಲಿ ಒಂದು ಪತ್ರಿಕೆ ಹೊರಡಿಸಿದ. ವೆಲೋಸಿಯೋ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. ಸಸ್ಯಾಹಾರಿ. ಬೆಟ್ಟಗುಡ್ಡಗಳ ಆ ಸೀಮೆಯಲ್ಲಿ ದಿನಗಟ್ಟಲೆ ಸುತ್ತುತ್ತಿದ್ದ. ಅವನ ವಾದ ಸರಳ. ಸೈಕಲ್ಲು ಪಂದ್ಯಕ್ಕಲ್ಲ, ಊರೂರು ನೋಡುವುದಕ್ಕೆ. ಬೆಟ್ಟ ಹತ್ತಲು ಗೇರು ಬೇಕು. ಹಾಳು ದಾರಿಗೆ ಅಗಲ ಟೈರು ಬೇಕು. ಟೈರು ಅಗಲವಾದರೆ ಚಕ್ರ ಚಿಕ್ಕದಾದರೂ ನಡೆಯುತ್ತದೆ. 70 ಸೆಂಟಿಮೀಟರಿನ ಚಕ್ರದ ಬದಲು 50 ಸೆಂಟಿಮೀಟರಿನ ಚಕ್ರಕ್ಕೆ 50 ಮಿಲಿಮೀಟರಿನ ಟೈರು ಹಾಕಿ ಓಡಿಸಿ ನೋಡಿದ. ತನ್ನ ಬೆಟ್ಟದ ದಾರಿಗಳಲ್ಲಿ ವೇಗಕ್ಕೇನೂ ಕೊರತೆಯಾಗಲಿಲ್ಲವೆಂದು 1911ರಲ್ಲಿ ಬರೆದ. ಯಾರೂ ಕಿವಿಗೊಡಲಿಲ್ಲ. 1930ರಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ, ಅವನ ಊರಿನಲ್ಲೇ ಟ್ರಾಮು ಬಡಿದು ತೀರಿಕೊಂಡ.

ಅವನು ಹೇಳಿದ್ದನ್ನು ಒಬ್ಬ ಹೆಂಗಸು ಮಾಡಿ ತೋರಿಸಿದ್ದಳು. 1902ರಲ್ಲಿ ಪಿರನೀಸ್ ಪರ್ವತದ ತೂರ್ಮಾಲೆ ಕಣಿವೆಯ ದಾರಿಯಲ್ಲಿ ಸೈಕಲ್ಲುಗಳ ಪರೀಕ್ಷೆ ನಡೆಯಿತು. ಮಾರ್ತ್ ಎಸ್ಸ್ ಎಂಬಾಕೆ ಗೇರು ಬದಲಿಸುವ ಸೈಕಲ್ಲಿನಲ್ಲಿ ಕಾಲು ಕೆಳಗಿಡದೆ ಆ ಏರು ಹತ್ತಿದಳು. ಸೈಕಲ್ಲಿನ ಚರಿತ್ರೆಯ ಪುಸ್ತಕಗಳಲ್ಲಿ ಅವಳಿಗೆ ಸಿಗುವುದು ಒಂದೋ ಎರಡೋ ಸಾಲು.

ವೆಲೋಸಿಯೋನ ಹಿಂಬಾಲಕರು ಕೈಬಿಡಲಿಲ್ಲ. ಫ್ರಾನ್ಸಿನಲ್ಲಿ ಪ್ರವಾಸದ ಸೈಕಲ್ಲುಗಳಿಗೆ, ಇಬ್ಬರು ತುಳಿಯುವ ಜೋಡಿ ಸೈಕಲ್ಲುಗಳಿಗೆ 650ಬಿ ಎಂಬ ಅಳತೆಯ ಚಕ್ರ ರೂಢಿಯಾಯಿತು. ಟೈರು ಸೇರಿ ಚಕ್ರದ ಎತ್ತರ ಸುಮಾರು 650 ಮಿಲಿಮೀಟರು, ಬಿ ಎಂಬುದು ಟೈರಿನ ದಪ್ಪದ ಗುರುತು. ಪಂದ್ಯದವರ ಚಕ್ರ 700ಸಿ. ಈ ಹೆಸರುಗಳನ್ನು ನಂಬಿ ಅಂಗಡಿಗೆ ಹೋದರೆ ಮೋಸ ಹೋಗುತ್ತೀರಿ. ಟೈರು ಕೂರುವ ಜಾಗದಲ್ಲಿ ಅಳೆದರೆ 700ಸಿ ರಿಮ್ಮು 622 ಮಿಲಿಮೀಟರು, 650ಬಿ 584. ನಾವು 26 ಇಂಚು ಎಂದು ಕರೆಯುವ ಚಕ್ರದಲ್ಲೇ 559, 584, 590 ಹೀಗೆ ಹಲವು ಬಗೆ ಇವೆ. ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ರವಿಕೆ ಅಳತೆಯ ಹಾಗೆ, ನಂಬರು ಒಂದೇ, ಹೊಲಿಗೆ ಬೇರೆ.

1936ರಲ್ಲಿ ಫ್ರಾನ್ಸಿನ ಹೊಸ ಸರ್ಕಾರ ಎಲ್ಲ ಕಾರ್ಮಿಕರಿಗೂ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಕೊಡುವ ಕಾನೂನು ತಂದಿತು. ಹುಟ್ಟಿದಾಗಿನಿಂದ ಕಾರ್ಖಾನೆಯ ಹೊಗೆ ಬಿಟ್ಟು ಬೇರೆ ನೋಡದವರು ಆ ಬೇಸಗೆಯಲ್ಲಿ ಸಮುದ್ರ ನೋಡಲು ಹೊರಟರು. ಕಾರು ಎಲ್ಲಿಂದ ಬರಬೇಕು? ಸೈಕಲ್ಲುಗಳಲ್ಲಿ ಹೊರಟರು, ಗಂಡ ಹೆಂಡತಿ ಜೋಡಿ ಸೈಕಲ್ಲಿನಲ್ಲಿ ಹೊರಟರು. ಆ ಕಾಲದ ಫೋಟೋಗಳನ್ನು ನೋಡಬೇಕು ನೀವು. ಹಿಂದಿನ ಸೀಟಿನಲ್ಲಿ ಚಡ್ಡಿ ತೊಟ್ಟ ಹೆಂಡತಿ, ಹಿಂದೆ ಗಂಟುಮೂಟೆ, ಅಗಲ ಟೈರು, ಮಡ್‌ಗಾರ್ಡು. ಚಿಕ್ಕ ಚಕ್ರ ಅಗಲ ಟೈರಿನ ಸೈಕಲ್ಲಿಗೆ ಒಂದು ಮರ್ಯಾದೆ ಬಂದದ್ದು ಆ ವರ್ಷಗಳಲ್ಲಿ. ಪ್ಯಾರಿಸ್ಸಿನ ರೆನೆ ಎರ್ಸ್, ಅಲೆಕ್ಸ್ ಸಿಂಗರ್ ಮೊದಲಾದ ಕಸುಬುದಾರರು ಅಲ್ಯೂಮಿನಿಯಮ್ಮಿನ ಮಡ್‌ಗಾರ್ಡು ಕೂರಿಸಿ, ಅದರೊಳಗೇ ದೀಪದ ವೈರು ಹಾಯಿಸಿ, ಒಡವೆಯ ಹಾಗೆ ಸೈಕಲ್ಲು ಮಾಡಿದರು. ಎರ್ಸನ ಮಗಳು ಲಿಲಿ ಆ ಅಂಗಡಿಯಲ್ಲೇ ಬೆಳೆದು ಫ್ರಾನ್ಸಿನ ಚಾಂಪಿಯನ್ ಆದಳು, ತಂದೆಯ ನಂತರ ಗಂಡನ ಜೊತೆ ಅಂಗಡಿಯನ್ನೂ ನಡೆಸಿದಳು.

ಮಹಾಯುದ್ಧದ ನಂತರ ಕಾರು ಬಂತು, ಸ್ಕೂಟರು ಬಂತು, ದಾರಿಗಳಿಗೆ ಡಾಂಬರು ಬಂತು. 650ಬಿ ಮುದುಕರ ಸೈಕಲ್ಲಿಗೆ ಉಳಿಯಿತು. ಪಂದ್ಯದ ಸಣ್ಣ ಟೈರಿನ ಬೋಳು ಸೈಕಲ್ಲೇ ಜಗತ್ತಿನ ತುಂಬ ಮೆರೆಯಿತು.

ಆ ಬೋಳು ಸೈಕಲ್ಲಿನಲ್ಲಿ ಹೆಂಗಸರಿಗೆ ಒಂದು ಬೇರೆಯೇ ತೊಂದರೆ ಇತ್ತು. ಚಕ್ರ ಎಲ್ಲರಿಗೂ ಒಂದೇ ಅಳತೆ. ಎತ್ತರ ಕಡಿಮೆ ಇರುವವರಿಗೆಂದು ಫ್ರೇಮನ್ನು ಚಿಕ್ಕದು ಮಾಡಿದರೆ ಮುಂದಿನ ಚಕ್ರ ಪೆಡಲ್ಲಿನ ಹತ್ತಿರ ಬಂದುಬಿಡುತ್ತದೆ. ನಿಧಾನವಾಗಿ ತಿರುಗಿಸುವಾಗ ಕಾಲಿನ ಹೆಬ್ಬೆರಳು ಟೈರಿಗೆ ತಗಲುತ್ತದೆ. ಅದನ್ನು ತಪ್ಪಿಸಲು ಕಂಪನಿಗಳು ಹ್ಯಾಂಡಲ್ಲನ್ನು ದೂರ ಇಟ್ಟವು. ಆಗ ಕೈ ಚಾಚಿ ಚಾಚಿ ಕುತ್ತಿಗೆ ನೋವು. ಅಮೆರಿಕದ ಇಂಜಿನಿಯರು ಜಾರ್ಜಿನಾ ಟೆರ್ರಿ ಇದನ್ನು ತನ್ನ ಮನೆಯ ನೆಲಮಾಳಿಗೆಯಲ್ಲಿ ಕೂತು ಬಿಡಿಸಿದಳು. ಮುಂದಿನ ಚಕ್ರವನ್ನು 24 ಇಂಚಿಗೆ ಇಳಿಸಿ, ಹಿಂದಿನದನ್ನು ಹಾಗೇ ಬಿಟ್ಟಳು. 1985ರಲ್ಲಿ ಸ್ವಂತ ಕಂಪನಿ ತೆರೆದಳು. ನೋಡಲು ಸ್ವಲ್ಪ ವಿಚಿತ್ರ, ಒಂದು ಚಕ್ರ ಚಿಕ್ಕದು, ಒಂದು ದೊಡ್ಡದು. ಆದರೆ ನೂರು ವರ್ಷ ಹೆಂಗಸರು ಸೈಕಲ್ಲಿಗೆ ಹೊಂದಿಕೊಂಡಿದ್ದರು. ಇಲ್ಲಿ ಸೈಕಲ್ಲು ಹೆಂಗಸಿಗೆ ಹೊಂದಿಕೊಂಡಿತ್ತು.

ನಮ್ಮ ದೇಶದ ಕಪ್ಪು ಸೈಕಲ್ಲು ಮಾತ್ರ ಈ ಫ್ಯಾಷನ್ನುಗಳಿಗೆ ಸಿಗಲಿಲ್ಲ. 28 ಇಂಚಿನ ಚಕ್ರ, ಅಗಲ ಮಡ್‌ಗಾರ್ಡು, ಕ್ಯಾರಿಯರ್ರು, ಹಾಲಿನ ಕ್ಯಾನು. ಮಡ್‌ಗಾರ್ಡಿಲ್ಲದ ಸೈಕಲ್ಲು ಮಾರುತ್ತೇನೆಂದರೆ ನಮ್ಮಪ್ಪನ ಕಾಲದಲ್ಲಿ ಯಾರೂ ಕೊಳ್ಳುತ್ತಿರಲಿಲ್ಲ. ಅದರ ಎತ್ತರವೇ ನಮಗೆ ಅಡ್ಡಿ. ನಾವು ಹುಡುಗಿಯರು ಬಾರಿನ ಕೆಳಗೆ ಕಾಲು ತೂರಿಸಿ ಸೊಟ್ಟಗೆ ತುಳಿದು ಕಲಿತೆವು. ದೊಡ್ಡವರಾದ ಮೇಲೆ ಸೈಕಲ್ಲು ಅಣ್ಣನ ಪಾಲಾಯಿತು.

ಚಕ್ರ ಚಿಕ್ಕದಾದರೆ ಸಾಕು, ಹೆಂಗಸರು ಹತ್ತುತ್ತಾರೆ ಎಂದು ನಾನು ಇಷ್ಟು ಹೊತ್ತು ಹೇಳಿದಂತಾಯಿತಲ್ಲ, ಅದಕ್ಕೆ ಒಪ್ಪದ ಒಂದು ಉದಾಹರಣೆಯೂ ಇದೆ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1991ರ ಸುಮಾರಿಗೆ ಸಾಕ್ಷರತಾ ಆಂದೋಲನದ ಜೊತೆಗೆ ಹೆಂಗಸರಿಗೆ ಸೈಕಲ್ಲು ಕಲಿಸಿದರು. ಆಗ ಅಲ್ಲಿ ಕಲೆಕ್ಟರ್ ಆಗಿದ್ದವರು ಶೀಲಾ ರಾಣಿ ಚುಂಕತ್. ಕಲ್ಲುಗಣಿಯ ಕೂಲಿಗಳು, ಅಂಗನವಾಡಿಯವರು, ಹೊಲದ ಕೆಲಸದವರು ಸಾವಿರಾರು ಮಂದಿ ಕಲಿತರು. ಲೇಡೀಸ್ ಸೈಕಲ್ಲು ಸಾಲದೆ ಬಂದಾಗ ಗಂಡಸರ ಸೈಕಲ್ಲನ್ನೇ ಹತ್ತಿದರು. ಅದೇ ವಾಸಿ ಎಂದವರೂ ಇದ್ದರು, ಆ ಬಾರಿನ ಮೇಲೆ ಮಗುವನ್ನು ಕೂರಿಸಬಹುದಲ್ಲ! ಯಾವ ಇಂಜಿನಿಯರಿಗೂ ಹೊಳೆಯದ ಲೆಕ್ಕ ಅದು. ನಮ್ಮ ಕರ್ನಾಟಕದಲ್ಲಿ 2006-07ರಿಂದ ಹಲವು ವರ್ಷ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಟ್ಟಿತು. ದೂರದ ಹಳ್ಳಿಗಳಿಂದ ನಡೆದು ಬರುತ್ತಿದ್ದ ನನ್ನ ಹುಡುಗಿಯರು ಬೆಲ್ಲು ಬಾರಿಸುತ್ತ ಸ್ಕೂಲಿನ ಗೇಟಿನೊಳಗೆ ಬಂದದ್ದನ್ನು ನಾನೇ ನೋಡಿದ್ದೇನೆ.

ಇಷ್ಟೆಲ್ಲ ನಾನು ಹುಡುಕಿ ಓದಿದ್ದಕ್ಕೆ ಕಾರಣ ನನ್ನ ತಂಗಿಯ ಮಗಳು. ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಎತ್ತರ ಐದಡಿ ಒಂದಂಗುಲ. ಊರು ಬಿಟ್ಟು ಹೋಗುವ ಸಹೋದ್ಯೋಗಿಯೊಬ್ಬರಿಂದ ಪಂದ್ಯದ ಥರದ ಹಳೆಯ ಸ್ಟೀಲು ಸೈಕಲ್ಲು ಕೊಂಡಳು. ಬೆರಳಿನಷ್ಟು ಸಪೂರ ಟೈರು. ಬೇಸಗೆಯಲ್ಲಿ ಹಕ್ಕಿಯ ಹಾಗೆ ಹೋದಳು. ಜೂನ್ ಬಂತು. ಬೆನ್ನ ಮೇಲೆ ಕೆಂಪು ಗೀಟು ಹೊತ್ತು ಕ್ಲಾಸಿಗೆ ಹೋದ ದಿನ ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ನಗು. ಆಮೇಲೊಂದು ದಿನ ಸರ್ಕಲ್ಲಿನಲ್ಲಿ ತಿರುಗಿಸುವಾಗ ಹೆಬ್ಬೆರಳು ಟೈರಿಗೆ ಸಿಕ್ಕಿ, ಬಸ್ಸಿನ ಮುಂದೆಯೇ ಬಿದ್ದಳು. ಡ್ರೈವರು ಬ್ರೇಕು ಹಾಕಿದ್ದರಿಂದ ಮೊಣಕೈ ತರಚಿದ್ದರಲ್ಲೇ ಮುಗಿಯಿತು. "ಸಾಕು ದೊಡ್ಡಮ್ಮ, ಮಾರಿಬಿಡ್ತೀನಿ" ಎಂದಳು. ಮನೆಯಲ್ಲೂ ಎಲ್ಲರೂ ಅದನ್ನೇ ಹೇಳಿದರು. ಆಟೋಗೆ ದಿನಾ ಕೊಡುವ ದುಡ್ಡಿನ ಮಾತು ಯಾರೂ ಆಡಲಿಲ್ಲ.

ಕೊನೆಗೆ ಅವಳೇ ಓದಿಕೊಂಡು ಬಂದಳು, 700ಸಿ ಸೈಕಲ್ಲಿಗೆ 650ಬಿ ಚಕ್ರ ಹಾಕಬಹುದೆಂದು. ಅಮೆರಿಕ, ಫ್ರಾನ್ಸಿನಲ್ಲೆಲ್ಲ ಇಪ್ಪತ್ತು ವರ್ಷಗಳಿಂದ ಹೀಗೆ ಬದಲಿಸುವವರಿದ್ದಾರೆ. ಅಳಿದೇಹೋಗುತ್ತಿದ್ದ ಈ ಅಳತೆಯನ್ನು ಬೆಟ್ಟ ಹತ್ತುವ ಸೈಕಲ್ಲಿನವರು ಎತ್ತಿಕೊಂಡು 27.5 ಇಂಚು ಎಂದು ಹೊಸ ಹೆಸರಿಟ್ಟರು. 2012ರಲ್ಲಿ ಸ್ವಿಟ್ಜರ್ಲೆಂಡಿನ ನೀನೋ ಶುರ್ಟರ್ ಅದರ ಮೇಲೆ ವಿಶ್ವಕಪ್ ಪಂದ್ಯ ಗೆದ್ದ. ಮುದುಕರ ಚಕ್ರ ಹೀಗೆ ಹುಡುಗರ ಚಕ್ರವಾಯಿತು, ನಮ್ಮೂರಿನವರೆಗೂ ಬಂತು. ಟೂರ್ ಡಿ ಫ್ರಾನ್ಸಿನವರೂ 23 ಮಿಲಿಮೀಟರಿನ ಟೈರು ಬಿಟ್ಟು ಈಗ 28ಕ್ಕೆ, ಅದಕ್ಕೂ ಮೇಲಕ್ಕೆ ಬಂದಿದ್ದಾರೆ. ವೆಲೋಸಿಯೋ ಇದ್ದಿದ್ದರೆ ಮೀಸೆಯಲ್ಲೇ ನಗುತ್ತಿದ್ದ.

ನಮ್ಮ ಸೈಕಲ್ ಅಂಗಡಿಯ ಹಿರಿಯರು ಮೊದಲು ಒಪ್ಪಲಿಲ್ಲ. "ಏನಮ್ಮಾ, ಬ್ರೇಕು ಎಲ್ಲಿ ಹಿಡೀಬೇಕು?" ಎಂದರು. ಸರಿಯಾದ ಪ್ರಶ್ನೆಯೇ. ರಿಮ್ಮು 38 ಮಿಲಿಮೀಟರು ಚಿಕ್ಕದಾದರೆ ಬ್ರೇಕಿನ ರಬ್ಬರು 19 ಮಿಲಿಮೀಟರು ಕೆಳಗೆ ಮುಟ್ಟಬೇಕು. ಉದ್ದ ಕೈಯಿರುವ ಬ್ರೇಕು ತರಿಸಬೇಕಾಯಿತು. ಅಂಗಡಿಯಲ್ಲಿ ಸಿಗುವ 27.5ರ ಚಕ್ರಗಳು ಹೆಚ್ಚಾಗಿ ಡಿಸ್ಕ್ ಬ್ರೇಕಿನವು, ರಬ್ಬರು ಒತ್ತಲು ಅವುಗಳ ರಿಮ್ಮಿನ ಪಕ್ಕದಲ್ಲಿ ಸಪಾಟು ಜಾಗವಿಲ್ಲ. ಹಾಗಾಗಿ ಅಂಥ ಜಾಗವಿರುವ ರಿಮ್ಮನ್ನೇ ಹುಡುಕಿ, ಹಳೆಯ ಹಬ್ಬಿಗೆ ಗಿಡ್ಡ ಕಡ್ಡಿ ಹಾಕಿ ಹೊಸದಾಗಿ ಕಟ್ಟಿದರು. ಎರಡು ಸಂಜೆ ಸ್ಟೂಲಿನ ಮೇಲೆ ಕೂತು, ಚಕ್ರ ತಿರುಗಿಸಿ, ಕಿವಿಗೊಟ್ಟು ಕಡ್ಡಿ ಮೀಟಿ ಸರಿಮಾಡಿದರು. ವೀಣೆಯ ಶ್ರುತಿ ಹಿಡಿದ ಹಾಗೆ. 38 ಮಿಲಿಮೀಟರಿನ ಟೈರು ಹಾಕಿದ ಮೇಲೆ ಒಟ್ಟು ಎತ್ತರ ಇಳಿದದ್ದು ಬರೀ 6 ಮಿಲಿಮೀಟರು. ಹಿಂದೆ ಕಲ್ಲಿನಂತೆ ಗಾಳಿ ತುಂಬಬೇಕಿತ್ತು, ಈಗ ಅರ್ಧ ಸಾಕು.

ಮಡ್‌ಗಾರ್ಡಿಗೇ ಹೆಚ್ಚು ಹೊತ್ತು ಹಿಡಿಯಿತು. ಪಂದ್ಯದ ಫ್ರೇಮಿನಲ್ಲಿ ಅದರ ಕಂಬಿ ಕೂರಿಸಲು ತೂತುಗಳೇ ಇರಲಿಲ್ಲ, ರಬ್ಬರು ಸುತ್ತಿದ ಪಟ್ಟಿ ಕ್ಲಿಪ್ಪಿನಲ್ಲಿ ಬಿಗಿದರು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಬೆರಳು ಸಲೀಸಾಗಿ ಓಡಾಡಬೇಕು, ಸುತ್ತಲೂ ಒಂದೇ ಸಮ. ತೀರಾ ಹತ್ತಿರವಿದ್ದರೆ ಮುಂದಿನ ಚಕ್ರದಲ್ಲಿ ಒಂದು ಒಣಕಡ್ಡಿ ಸಿಕ್ಕಿಕೊಂಡರೂ ಚಕ್ರ ಗಕ್ಕನೆ ನಿಂತು ಸವಾರಳನ್ನು ಮುಂದಕ್ಕೆ ಎಸೆಯುತ್ತದೆ. ಅದಕ್ಕೇ ಮುಂದಿನ ಕಂಬಿಗೆ ಜಗ್ಗಿದರೆ ತಾನೇ ಕಳಚಿಕೊಳ್ಳುವ ಕ್ಲಿಪ್ಪು ಹಾಕಿಸಿದಳು. ಮುಂದಿನ ಮಡ್‌ಗಾರ್ಡಿನ ತುದಿಗೆ ಹಳೆಯ ಟ್ಯೂಬಿನ ತುಂಡೊಂದನ್ನು ಜೋತುಬಿಟ್ಟಿದ್ದಾರೆ, ಪಾದಕ್ಕೆ ನೀರು ಎರಚದಂತೆ. ಚಕ್ರದ ಎತ್ತರ ಅಷ್ಟೇನೂ ಇಳಿಯದ್ದರಿಂದ ನಿಧಾನವಾಗಿ ತಿರುಗಿಸುವಾಗ ಹೆಬ್ಬೆರಳು ಮಡ್‌ಗಾರ್ಡಿಗೆ ತಗಲದಂತೆ ಈಗಲೂ ಎಚ್ಚರ ಬೇಕು.

ಕಳೆದ ಮಳೆಗಾಲ ಪೂರ್ತಿ ಅವಳು ಅದರಲ್ಲೇ ಕಾಲೇಜಿಗೆ ಹೋದಳು. ಚೈನಿನ ಕವರು ಮಾತ್ರ ಆಗಲಿಲ್ಲ. ಹಿಂದೆ ಮುಂದೆ ಗೇರುಗಳಿರುವ ಆ ಸೈಕಲ್ಲಿಗೆ ನಮ್ಮ ಅಂಗಡಿಯಲ್ಲಿರುವ ಯಾವ ಕವರೂ ಕೂರಲಿಲ್ಲ. ಚೂಡಿದಾರದ ಬಲಗಾಲಿಗೆ ಒಂದು ರಬ್ಬರ್ ಬ್ಯಾಂಡು ಹಾಕಿಕೊಂಡೇ ಹೊರಡುತ್ತಾಳೆ.